ಬಯಲಾಟವನ್ನು ವಿ.ಆರ್.ನಲ್ಲಿ ದಾಖಲಿಸುವುದಾದರೆ ನೋಡುಗನನ್ನು ಎಲ್ಲಿ ಕೂರಿಸಬೇಕು?

ಹವ್ಯಾಸಿ ಸಂಘದವ (ಪ್ರಶ್ನೆ)

ನಮ್ಮದು ದಕ್ಷಿಣ ಕನ್ನಡ ಜಿಲ್ಲೆಯ ಒಂದು ಸಣ್ಣ ಹವ್ಯಾಸಿ ಯಕ್ಷಗಾನ ಸಂಘ, ತೆಂಕುತಿಟ್ಟು ಅಂದರೆ ಕರಾವಳಿಯ ದಕ್ಷಿಣ ಭಾಗದ ಶೈಲಿ. ವರ್ಷಕ್ಕೆ ಐದಾರು ಆಟ, ಮಳೆಗಾಲದಲ್ಲಿ ವೇಷ ಕುಣಿತಗಳಿಲ್ಲದೆ ಕುಳಿತು ನಡೆಸುವ ಕೆಲವು ತಾಳಮದ್ದಳೆ, ಭಾನುವಾರ ಮಕ್ಕಳಿಗೆ ಹೆಜ್ಜೆಗಾರಿಕೆಯ ತರಗತಿ, ಇಷ್ಟು ನಮ್ಮ ವ್ಯಾಪ್ತಿ. ದೀಪಾವಳಿ ಕಳೆದ ಮೇಲೆ ಕೊಯ್ಲಾದ ಗದ್ದೆಯಲ್ಲಿ ನಡೆಯುವ ನಮ್ಮ ದೇವೀಮಹಾತ್ಮೆ ಆಟವನ್ನು ವರ್ಚುವಲ್ ರಿಯಾಲಿಟಿಯಲ್ಲಿ (ವಿ.ಆರ್.) ದಾಖಲಿಸಿಕೊಡುತ್ತೇವೆಂದು ಒಂದು ತಂತ್ರಜ್ಞಾನ ಸಂಸ್ಥೆಯವರು ಮುಂದೆ ಬಂದಿದ್ದಾರೆ. ಹಣ ಕೇಳುತ್ತಿಲ್ಲ. ಅದರ ಬದಲು, ಆಮೇಲೆ ನಮ್ಮ ಇಬ್ಬರು ವೇಷಧಾರಿಗಳ ಚಲನೆಯನ್ನು ಸೆನ್ಸರ್ ಕಟ್ಟಿ ಸೆರೆಹಿಡಿದು, ಅದರಿಂದ ಡಿಜಿಟಲ್ ವೇಷಗಳನ್ನು ತಯಾರಿಸಲು ಒಪ್ಪಿಗೆ ಕೇಳುತ್ತಿದ್ದಾರೆ.

ಕಳೆದ ತಿಂಗಳು ಅಭ್ಯಾಸದ ದಿನ ಅವರು ಒಂದು ಮಾದರಿಯನ್ನು ಚಿತ್ರಿಸಿ ತೋರಿಸಿದರು. ಸುತ್ತಲೂ ನೋಡುವ ಕ್ಯಾಮೆರಾವನ್ನು ರಂಗಸ್ಥಳದ ನಟ್ಟನಡುವೆ ಒಂದು ಕೋಲಿನ ಮೇಲೆ ನಿಲ್ಲಿಸಿದ್ದರು. ಹೆಡ್‌ಸೆಟ್ ಹಾಕಿಕೊಂಡಾಗ ಮೊದಲ ಒಂದು ನಿಮಿಷ ರೋಮಾಂಚನವಾಯಿತು ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ವೇಷಧಾರಿ ನನ್ನ ಸುತ್ತ ಧೀಂಗಿಣ (ರಭಸದ ಸುತ್ತುಹಾರು ಕುಣಿತ) ಹಾಕುತ್ತಿದ್ದರು, ಹಿಂದೆ ತಿರುಗಿದರೆ ಪದ್ಯ ಹಾಡುವ ಭಾಗವತರು ಕೈಯಳತೆಯಲ್ಲಿ ಕುಳಿತಿದ್ದರು. ಆದರೆ ಎರಡನೆಯ ನಿಮಿಷದಿಂದ ಕಿರಿಕಿರಿ ಆರಂಭವಾಯಿತು. ಚೆಂಡೆಯ ಶಬ್ದ ನನ್ನ ಎಡಗಿವಿಯಲ್ಲಿತ್ತು. ಚೆಂಡೆ ಬಾರಿಸುವವರನ್ನು ನೋಡೋಣವೆಂದು ಎಡಕ್ಕೆ ತಿರುಗಿದರೆ, ಅವರು ಕಣ್ಣೆದುರಿಗೆ ಬಂದರು, ಶಬ್ದ ಮಾತ್ರ ಎಡಗಿವಿಯಲ್ಲಿಯೇ ಅಂಟಿಕೊಂಡಿತ್ತು. ಮತ್ತೆ, ಆಟ ನೋಡುವವನು ರಂಗಸ್ಥಳದ ನಡುವೆ ನಿಂತಿರುವುದು ಎಂದರೇನು? ಅದು ದೇವರೂ ನಿಲ್ಲದ ಜಾಗ. ಪಾತ್ರಗಳು ಪರಸ್ಪರ ಮಾತಾಡುವಾಗ ಇಬ್ಬರ ದೃಷ್ಟಿಯೂ ನನ್ನನ್ನು ಹಾದು ಆಚೆ ಹೋಗುತ್ತಿತ್ತು. ಕರೆಯದ ಮದುವೆಗೆ ಹೋಗಿ ಧಾರೆಮಂಟಪ ಹತ್ತಿದ ಹಾಗಾಯಿತು.

ಸಂಘದ ಹಿರಿಯರು ಇದು ಬೇಡವೇ ಬೇಡ ಎನ್ನುತ್ತಾರೆ. ಕಿರಿಯರು ದುಬೈ, ಅಮೆರಿಕದಲ್ಲಿರುವ ನಮ್ಮೂರಿನವರು ನೋಡಬಹುದಲ್ಲ ಎನ್ನುತ್ತಾರೆ. ನನಗೆ ಎರಡೂ ಸರಿಯೆನಿಸುತ್ತದೆ, ಆದ್ದರಿಂದಲೇ ಕಷ್ಟವಾಗಿದೆ. ಈ ತಂತ್ರದಲ್ಲಿ ಸಂಗೀತಕ್ಕೆ ನಿಜವಾಗಿ ಒದಗಿಬಂದ ಉದಾಹರಣೆಗಳು ಬೇರೆಡೆ ಇವೆಯೇ, ಕ್ಯಾಮೆರಾ ಮತ್ತು ಮೈಕ್ ಎಲ್ಲಿರಬೇಕು, ಒಪ್ಪಿಗೆ ಪತ್ರದಲ್ಲಿ ಏನನ್ನು ಗಮನಿಸಬೇಕು ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಧ್ವನಿಮುದ್ರಕ (ಉತ್ತರ)

ನಾನು ಬೆಂಗಳೂರಿನಲ್ಲಿ ಧ್ವನಿಮುದ್ರಣದ ಕೆಲಸ ಮಾಡುವವನು. ಮೊದಲು ನಿಮ್ಮ ಎಡಗಿವಿಯ ಚೆಂಡೆಯ ವಿಷಯ. ಅವರು ಸಾಮಾನ್ಯ ಸ್ಟೀರಿಯೊ ಧ್ವನಿಯನ್ನು ಸುತ್ತುನೋಟದ ಚಿತ್ರಕ್ಕೆ ಹಾಗೆಯೇ ಜೋಡಿಸಿದ್ದಾರೆ. ಸ್ಟೀರಿಯೊ ತಲೆಗೆ ಕಟ್ಟಿದ ಧ್ವನಿ, ತಲೆ ತಿರುಗಿದರೆ ಅದೂ ಜೊತೆಗೆ ತಿರುಗುತ್ತದೆ. ವಿ.ಆರ್.ಗೆ ಬೇಕಾದುದು ಜಾಗಕ್ಕೆ ಕಟ್ಟಿದ ಧ್ವನಿ. ಇದರ ವಿಧಾನ ಹೊಸದೇನಲ್ಲ. ಆಂಬಿಸಾನಿಕ್ಸ್ ಎಂಬ ಈ ಪದ್ಧತಿಯನ್ನು 1970ರ ದಶಕದಲ್ಲಿಯೇ ಇಂಗ್ಲೆಂಡಿನ ಮೈಕೆಲ್ ಗರ್ಜನ್ ಮತ್ತು ಅವರ ಸಂಗಡಿಗರು ರೂಪಿಸಿದ್ದರು. ನಾಲ್ಕು ಮುಖಗಳ ಒಂದು ಮೈಕು ನಾಲ್ಕು ವಾಹಿನಿಗಳಲ್ಲಿ ಸುತ್ತಲಿನ ಎಲ್ಲ ದಿಕ್ಕುಗಳ ಶಬ್ದವನ್ನು ಹಿಡಿಯುತ್ತದೆ. ಕೇಳುವವನು ತಲೆ ತಿರುಗಿಸಿದಷ್ಟೇ ಕೋನದಲ್ಲಿ ಕಂಪ್ಯೂಟರ್ ಧ್ವನಿಯನ್ನು ಹಿಮ್ಮುಖವಾಗಿ ತಿರುಗಿಸಿ, ಚೆಂಡೆಯನ್ನು ಚೆಂಡೆಯ ಜಾಗದಲ್ಲಿಯೇ ಉಳಿಸುತ್ತದೆ. ಕೊಳ್ಳುವವರಿಲ್ಲದೆ ಮೂರು ನಾಲ್ಕು ದಶಕ ಮೂಲೆಯಲ್ಲಿದ್ದ ಈ ಪದ್ಧತಿಗೆ ಹೆಡ್‌ಸೆಟ್‌ಗಳು ಬಂದ ಮೇಲೆ ಮರುಜನ್ಮ ಸಿಕ್ಕಿದೆ. ನಿಮ್ಮ ಸಂಸ್ಥೆಯವರಿಗೆ ಇದು ತಿಳಿಯದಿದ್ದರೆ ಮುಂದಿನ ಮಾತುಕತೆಯೇ ಬೇಡ ಎಂದು ನನ್ನ ಅಭಿಪ್ರಾಯ.

ಆದರೆ ಬಯಲಾಟದಲ್ಲಿ ಇನ್ನೊಂದು ತೊಡಕಿದೆ. ಈಗಿನ ಆಟಗಳಲ್ಲಿ ಭಾಗವತರ ಮುಂದೆ ಮೈಕು, ರಂಗಸ್ಥಳದ ಎರಡೂ ಬದಿಗೆ ಎತ್ತರದ ಧ್ವನಿವರ್ಧಕ ಪೆಟ್ಟಿಗೆಗಳು ಇರುತ್ತವೆ. ಗದ್ದೆಯಲ್ಲಿ ಕುಳಿತ ಪ್ರೇಕ್ಷಕನಿಗೆ ಭಾಗವತರು ನಡುವೆ ಕಾಣುತ್ತಾರೆ, ಕೇಳುವುದು ಮಾತ್ರ ಪೆಟ್ಟಿಗೆಯಿಂದ. ನಮಗೆ ಅದು ಅಭ್ಯಾಸವಾಗಿ ಗಮನಕ್ಕೇ ಬರುವುದಿಲ್ಲ. ಹೆಡ್‌ಸೆಟ್ ಒಳಗೆ ಮಾತ್ರ ಇದು ಎದ್ದು ಕಾಣುತ್ತದೆ, ಏಕೆಂದರೆ ಅಲ್ಲಿ ಕಿವಿಯೂ ಕಣ್ಣೂ ಒಂದನ್ನೊಂದು ಅನುಮಾನದಿಂದ ನೋಡುತ್ತಿರುತ್ತವೆ. ಭಾಗವತರ ಮೈಕಿನಿಂದಲೂ ಮದ್ದಳೆ, ಚೆಂಡೆಗಳ ಹತ್ತಿರದಿಂದಲೂ ನೇರವಾಗಿ ಬೇರೆ ಬೇರೆ ವಾಹಿನಿಗಳನ್ನು ತೆಗೆದುಕೊಂಡು, ಆಮೇಲೆ ಸಂಕಲನದಲ್ಲಿ ಅವರವರು ಕುಳಿತ ದಿಕ್ಕಿನಲ್ಲಿ ಅವುಗಳನ್ನು ಇರಿಸಬೇಕು. ಆ ನಾಲ್ಕು ಮುಖಗಳ ಸುತ್ತುಮೈಕಿನದು ಹಿನ್ನೆಲೆಗೆ, ಅಂದರೆ ಜನ, ಗಾಳಿ, ದೂರದ ಚುರುಮುರಿ ಗಾಡಿಯ ಸದ್ದಿಗೆ ಇರಲಿ. ಚೆಂಡೆಯ ಪೆಟ್ಟು ಎಷ್ಟು ಚೂಪು ಎಂಬುದು ನಿಮಗೇ ಗೊತ್ತು. ತುಂಬ ಜೋರಾದ ಸದ್ದನ್ನೂ ಒಡೆಯದೆ ಹಿಡಿಯುವ 32 ಬಿಟ್ ಫ್ಲೋಟ್ ಮುದ್ರಕ ಇದ್ದರೂ ಮೈಕಿನ ಮೂತಿಯೇ ತಾಳದಿದ್ದರೆ ಪ್ರಯೋಜನವಿಲ್ಲ. ಹೆಚ್ಚು ಒತ್ತಡ ತಾಳುವ ಮೈಕನ್ನೇ ಕೇಳಿ.

ಜಾಗ ಎಂಬುದು ಬರಿಯ ಅಲಂಕಾರವಲ್ಲ, ಅದು ಸಂಗೀತದ ಒಳಗೇ ಕೈ ಹಾಕುತ್ತದೆ ಎನ್ನುವುದಕ್ಕೆ ನಾನು ಮೆಚ್ಚುವ ಉದಾಹರಣೆ ಇಸ್ತಾಂಬುಲ್‌ನ ಹಾಗಿಯಾ ಸೋಫಿಯಾದ್ದು, ಇಗರ್ಜಿಯಾಗಿ ಕಟ್ಟಿದ ಪ್ರಾಚೀನ ಕಟ್ಟಡ. ಅದು ವಸ್ತುಸಂಗ್ರಹಾಲಯವಾಗಿದ್ದ ಕಾಲದಲ್ಲಿ ಒಳಗೆ ಹಾಡಲು ಅನುಮತಿ ಇರಲಿಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ್ತಿ ಬಿಸ್ಸೆರಾ ಪೆಂಚೆವಾ ಮತ್ತು ಧ್ವನಿತಜ್ಞ ಜೊನಾಥನ್ ಏಬಲ್ ಅಲ್ಲಿ ಬಲೂನುಗಳನ್ನು ಒಡೆಸಿ ಆ ಸದ್ದನ್ನು ಮುದ್ರಿಸಿಕೊಂಡರು. ಒಂದು ಬಲೂನು ಒಡೆದ ಸದ್ದು ಅಷ್ಟು ದೊಡ್ಡ ಗುಮ್ಮಟದ ಕೆಳಗೆ ಕರಗಿಹೋಗಲು ಸುಮಾರು 11 ಸೆಕೆಂಡು ಬೇಕು. ಆ ಅನುರಣನದ ಅಚ್ಚನ್ನು ತೆಗೆದು, ಕ್ಯಾಲಿಫೋರ್ನಿಯಾದಲ್ಲಿ ಹಾಡುತ್ತಿದ್ದ ಕಾಪೆಲ್ಲಾ ರೊಮಾನಾ ಎಂಬ ಗಾಯಕವೃಂದದ ಕಿವಿಗೆ, ಅವರ ಸ್ವಂತ ಧ್ವನಿಯನ್ನೇ ಆ ಗುಮ್ಮಟದಲ್ಲಿ ಹಾಡಿದಂತೆ ಆ ಕ್ಷಣದಲ್ಲಿಯೇ ಕೇಳಿಸಿದರು. ಆಗ ಗಾಯಕರ ಲಯವೇ ಬದಲಾಯಿತು. ಹನ್ನೊಂದು ಸೆಕೆಂಡು ಉಳಿಯುವ ಸ್ವರದ ಮೇಲೆ ಮುಂದಿನ ಸ್ವರವನ್ನು ಅವಸರದಲ್ಲಿ ಇಡಲು ಆಗುವುದಿಲ್ಲ. ಕಾಲ್ಪನಿಕ ಜಾಗವೊಂದು ನಿಜವಾದ ಗಾಯನವನ್ನು ತಿದ್ದಿತು.

ಇದನ್ನು ತಲೆಕೆಳಗು ಮಾಡಿ ಬಯಲಾಟಕ್ಕೆ ಅನ್ವಯಿಸಿ ನೋಡಿ. ಕೊಯ್ಲಾದ ಗದ್ದೆಗೆ ಗೋಡೆಯಿಲ್ಲ, ಚಾವಣಿಯಿಲ್ಲ. ಸ್ವರ ಹೋಯಿತೆಂದರೆ ಹೋಯಿತು. ಭಾಗವತರ ಏರುಶ್ರುತಿಯ ಹಾಡಿಕೆಯೂ ಚೆಂಡೆಯ ಆ ಗಡಸೂ ಇಂಥ ಬಯಲಿನ ಸೃಷ್ಟಿಗಳೇ. ಸಂಕಲನ ಮಾಡುವ ಹುಡುಗರು ಅಭ್ಯಾಸಬಲದಿಂದ ಸ್ವಲ್ಪ ಸಭಾಂಗಣದ ಗುಂಯ್‌ಗುಟ್ಟುವಿಕೆಯನ್ನು ಸವರುತ್ತಾರೆ, ಇಂಪಾಗಲಿ ಎಂದು. ದಯವಿಟ್ಟು ಹಾಗೆ ಮಾಡಲು ಬಿಡಬೇಡಿ. ಅದನ್ನು ಸವರಿದ ಕ್ಷಣದಲ್ಲಿ ನಿಮ್ಮ ಗದ್ದೆ ಪುರಭವನವಾಗುತ್ತದೆ.

ಚಿತ್ರದ ಬಗ್ಗೆ ಒಂದೇ ಲೆಕ್ಕ. 8ಕೆ ಕ್ಯಾಮೆರಾ ಎಂದು ಅವರು ಹೆಮ್ಮೆಯಿಂದ ಹೇಳಿರುತ್ತಾರೆ. ಆದರೆ ಆ 7680 ಬಿಂದುಗಳು (ಪಿಕ್ಸೆಲ್) 360 ಡಿಗ್ರಿಗೆ ಹಂಚಿಹೋಗುತ್ತವೆ. ಡಿಗ್ರಿಗೆ ಸಿಕ್ಕುವುದು 21. ಒಳ್ಳೆಯ ಕಣ್ಣು ಡಿಗ್ರಿಗೆ 60ರಷ್ಟನ್ನು ಗುರುತಿಸಬಲ್ಲದು. ನಾಲ್ಕು ಮೀಟರ್ ದೂರದಲ್ಲಿ ಒಂದು ಡಿಗ್ರಿ ಎಂದರೆ ಏಳು ಸೆಂಟಿಮೀಟರ್, ಅಂದರೆ ಒಂದೊಂದು ಬಿಂದುವಿಗೆ ಮೂರು ಮಿಲಿಮೀಟರ್‌ಗಿಂತ ಹೆಚ್ಚು. ಬಣ್ಣದ ವೇಷದ, ಅಂದರೆ ರಾಕ್ಷಸ ಪಾತ್ರದ, ಮುಖದ ಮೇಲೆ ಗಂಟೆಗಟ್ಟಲೆ ಕುಳಿತು ಇಟ್ಟ ಚಿಟ್ಟಿಯ (ಹಿಟ್ಟಿನ ಬಿಳಿ ಉಬ್ಬುಚುಕ್ಕೆಗಳ) ಮುಳ್ಳುಗಳು ಆ ಅಳತೆಯಲ್ಲಿ ಬರಿಯ ಬಿಳಿಯ ಮಸುಕಾಗುತ್ತವೆ.

ಹಡ್ಸನ್ ದಡದಿಂದ (ಉತ್ತರ)

ನಾನು ಇಪ್ಪತ್ತು ವರ್ಷಗಳಿಂದ ನ್ಯೂಜೆರ್ಸಿಯಲ್ಲಿದ್ದೇನೆ, ನೀವು ಹೇಳಿದ ಆ ಅಮೆರಿಕದ ನೋಡುಗರಲ್ಲಿ ಒಬ್ಬ. ಆದ್ದರಿಂದ ನನಗೂ ಒಂದು ಮಾತಿನ ಹಕ್ಕಿದೆ ಎಂದುಕೊಂಡಿದ್ದೇನೆ.

2023ರ ಬೇಸಗೆಯಲ್ಲಿ ನ್ಯೂಯಾರ್ಕಿನ ದ ಶೆಡ್ ಎಂಬ ಕಲಾಕೇಂದ್ರದಲ್ಲಿ ಜಪಾನಿನ ಸಂಗೀತಗಾರ ರ್ಯುಯಿಚಿ ಸಕಾಮೊಟೊ ಅವರ ‘ಕಗಾಮಿ’ ಎಂಬ ಮಿಶ್ರ ವಾಸ್ತವದ ಕಛೇರಿಯನ್ನು ನೋಡಿದ್ದೆ. ಅವರು ಅದೇ ವರ್ಷದ ಮಾರ್ಚ್ 28ರಂದು ತೀರಿಕೊಂಡಿದ್ದರು. ಕಾಯಿಲೆಯಲ್ಲಿದ್ದಾಗಲೇ, 2020ರ ಡಿಸೆಂಬರಿನಲ್ಲಿ, ಟೋಕಿಯೊದಲ್ಲಿ ಟಿನ್ ಡ್ರಮ್ ಎಂಬ ತಂಡದವರು ಅವರು ಪಿಯಾನೊ ನುಡಿಸುವುದನ್ನು ಸುತ್ತಲೂ ನಿಲ್ಲಿಸಿದ ಹತ್ತಾರು ಕ್ಯಾಮೆರಾಗಳಿಂದ ಮೂರು ಆಯಾಮಗಳಲ್ಲಿ ಸೆರೆಹಿಡಿದಿದ್ದರು. ಇಲ್ಲಿ ಹಾಕಿಕೊಳ್ಳುವುದು ಕಣ್ಣು ಮುಚ್ಚುವ ಹೆಡ್‌ಸೆಟ್ ಅಲ್ಲ, ಪಾರದರ್ಶಕ ಗಾಜಿನದು. ನಿಜವಾದ ಕೋಣೆ ಕಾಣುತ್ತದೆ, ಪಕ್ಕದವರು ಕಾಣುತ್ತಾರೆ, ನಡುವೆ ಮಾತ್ರ ಇಲ್ಲದ ಪಿಯಾನೊ, ಇಲ್ಲದ ಮನುಷ್ಯ. ಸುತ್ತಲೂ ವೃತ್ತಾಕಾರವಾಗಿ ನಮ್ಮನ್ನು ಕೂರಿಸಿದ್ದರು. ಬಳಿಕ ಎದ್ದು ನಡೆದಾಡಬಹುದಿತ್ತು. ನಾನು ಹತ್ತಿರ ಹೋಗಿ ಅವರ ಬೆರಳುಗಳ ಮೇಲೆ ಬಾಗಿದೆ. ತೀರಾ ಹತ್ತಿರವಾದಾಗ ಗಾಜಿನ ದೃಷ್ಟಿಕ್ಷೇತ್ರ ಸಾಲದೆ ಅವರ ಭುಜ ಕತ್ತರಿಸಿದಂತೆ ಮಾಯವಾಯಿತು, ಎರಡು ಹೆಜ್ಜೆ ಹಿಂದೆ ಸರಿದಾಗ ಮತ್ತೆ ಕೂಡಿಕೊಂಡಿತು. ಆಮೇಲೆ ನಾನು ಗಮನಿಸಿದ್ದೇನೆಂದರೆ, ಬಹಳ ಮಂದಿ ತಾವಾಗಿಯೇ ಒಂದೆರಡು ಮೀಟರ್ ದೂರ ಉಳಿದರು. ಯಾರೂ ತಡೆದಿರಲಿಲ್ಲ, ತಡೆಯಲು ಅಲ್ಲಿ ಯಾರೂ ಇರಲೂ ಇಲ್ಲ. ಇಲ್ಲದ ಕಲಾವಿದನಿಗೂ ಜನ ಮರ್ಯಾದೆಯ ಅಂತರವನ್ನು ಕೊಡುತ್ತಿದ್ದರು. ನಿಮ್ಮ ಧಾರೆಮಂಟಪದ ಮಾತನ್ನು ಓದಿದಾಗ ನನಗೆ ಥಟ್ಟನೆ ನೆನಪಾದದ್ದು ಇದು.

ಆದರೆ ಆತ ತಲೆಯೆತ್ತಿ ನಮ್ಮನ್ನು ನೋಡುವುದಿಲ್ಲ. ಒಂಟಿ ಪಿಯಾನೊಗೆ ಅದು ಒಪ್ಪುತ್ತದೆ, ಬದುಕಿದ್ದಾಗಲೂ ಅವರು ಕೀಲಿಗಳನ್ನೇ ನೋಡುತ್ತಿದ್ದರು. ಎದುರಿಗಿನ ಜನರ ಮುಖ ನೋಡಿ ಪದ್ಯಕ್ಕೆ ಆಶುವಾಗಿ ಮಾತು ಹೆಣೆದು ಅರ್ಥ ಹೇಳುವ ಕಲೆಗೆ ಅದು ಒಪ್ಪುತ್ತದೆಯೇ ಎಂಬುದು ನಿಮ್ಮ ಪ್ರಶ್ನೆ.

ಲಂಡನ್ನಿನಲ್ಲಿ 2022ರ ಮೇ ತಿಂಗಳಿನಿಂದ ನಡೆಯುತ್ತಿರುವ ಆಬ್ಬಾ ಎಂಬ ಸ್ವೀಡನ್ನಿನ ಪಾಪ್ ಸಂಗೀತ ತಂಡದ ಕಾರ್ಯಕ್ರಮವನ್ನು ಜನ ಹೊಲೊಗ್ರಾಮ್ ಎಂದು ಕರೆಯುತ್ತಾರೆ. ಅದು ಹೊಲೊಗ್ರಾಮ್ ಅಲ್ಲ, ದೊಡ್ಡ ಎಲ್‌ಇಡಿ ಪರದೆ. ಐದು ವಾರ ಕಾಲ 160 ಕ್ಯಾಮೆರಾಗಳ ಮುಂದೆ ಆ ನಾಲ್ವರು ವೃದ್ಧರು ಹಾಡಿ ಕುಣಿದದ್ದನ್ನು ಅವರ ಯೌವನದ ದೇಹಗಳಿಗೆ ತೊಡಿಸಿದ್ದಾರೆ. ಆದರೆ ಅವರು ಜಾಣರು, ಪರದೆಯ ಪಕ್ಕದಲ್ಲಿ ಹತ್ತು ಮಂದಿ ನಿಜವಾದ ವಾದ್ಯಗಾರರನ್ನು ನಿಲ್ಲಿಸಿದ್ದಾರೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಕುಣಿಯುವ ಮುಮ್ಮೇಳ ಮುದ್ರಿತ, ಹಾಡು ವಾದ್ಯಗಳ ಹಿಮ್ಮೇಳ ಜೀವಂತ. ಇದಕ್ಕೆ ವ್ಯತಿರಿಕ್ತವಾಗಿ 2020ರ ಏಪ್ರಿಲ್‌ನಲ್ಲಿ ಫೋರ್ಟ್‌ನೈಟ್ ಎಂಬ ಆನ್‌ಲೈನ್ ವೀಡಿಯೊ ಆಟದೊಳಗೆ ರ್ಯಾಪ್ ಗಾಯಕ ಟ್ರಾವಿಸ್ ಸ್ಕಾಟ್ ಅವರ ಕಾರ್ಯಕ್ರಮವನ್ನು ಏಕಕಾಲಕ್ಕೆ 1.23 ಕೋಟಿ ಜನ ನೋಡಿದರೆಂದು ಕಂಪನಿ ಪ್ರಕಟಿಸಿತು. ಅದರಲ್ಲಿ ಆ ಕ್ಷಣದಲ್ಲಿ ಹಾಡುತ್ತಿದ್ದವರು ಯಾರೂ ಇರಲಿಲ್ಲ, ಎಲ್ಲವೂ ಮೊದಲೇ ತಯಾರಾದ ಹತ್ತು ನಿಮಿಷದ ಚಿತ್ರಿಕೆ.

ಇನ್ನು ಕೆಲವರು, ಭಾಗವತರು ಮಂಗಳೂರಿನಲ್ಲಿ, ಮದ್ದಳೆ ಇಲ್ಲಿ ನ್ಯೂಜೆರ್ಸಿಯಲ್ಲಿ, ಎಲ್ಲರೂ ಒಂದೇ ಕಾಲ್ಪನಿಕ ರಂಗಸ್ಥಳದಲ್ಲಿ ಸೇರಬಹುದು ಎಂದು ನಿಮ್ಮ ಕಿವಿ ಊದಬಹುದು. ನಾವು ಇಲ್ಲಿ ಊರಿನ ಗುರುಗಳಿಂದ ಆನ್‌ಲೈನ್ ಪಾಠ ಕಲಿತ ಅನುಭವದಿಂದ ಹೇಳುತ್ತೇನೆ: ಸಾಧ್ಯವಿಲ್ಲ. ಇದು ಯಂತ್ರದ ಬಡತನವಲ್ಲ, ಭೂಮಿಯ ಅಗಲದ ಸಮಸ್ಯೆ. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಹೋಗುತ್ತದೆ. ನಮ್ಮ ನಡುವಿನ ಸುಮಾರು 13,000 ಕಿಲೋಮೀಟರಿಗೆ ನೇರ ತಂತಿ ಎಳೆದರೂ 65 ಮಿಲಿಸೆಕೆಂಡು ಬೇಕು, ನಿಜದಲ್ಲಿ ನೂರು ದಾಟುತ್ತದೆ. ಜೊತೆಯಾಗಿ ನುಡಿಸುವವರು ಸಹಿಸಬಲ್ಲ ತಡ 25ರಿಂದ 30 ಮಿಲಿಸೆಕೆಂಡು. ಅದು ಹತ್ತು ಮೀಟರ್ ದೂರ ನಿಂತವರ ಸದ್ದು ಗಾಳಿಯಲ್ಲಿ ಬಂದು ತಲುಪುವ ಸಮಯ. ಸ್ಟ್ಯಾನ್‌ಫರ್ಡ್‌ನ ಕ್ರಿಸ್ ಚೇಫ್ ಮತ್ತು ಸಂಗಡಿಗರು ಇಬ್ಬರನ್ನು ಬೇರೆ ಕೋಣೆಗಳಲ್ಲಿ ಕೂರಿಸಿ, ನಡುವೆ ತಡವನ್ನು ಹೆಚ್ಚಿಸುತ್ತಾ ಚಪ್ಪಾಳೆ ತಟ್ಟಿಸಿ ನೋಡಿದ್ದರು. ತಡ ಬೆಳೆದಂತೆ ಪ್ರತಿಯೊಬ್ಬರೂ ಇನ್ನೊಬ್ಬರಿಗಾಗಿ ಕಾಯುತ್ತಾ ಕಾಯುತ್ತಾ ಲಯ ಕುಸಿಯಿತು. ನಮ್ಮ ಪಾಠದಲ್ಲಿಯೂ ಹಾಗೆಯೇ ಆಗಿ, ಕೊನೆಗೆ ಗುರುಗಳು ತಮ್ಮ ಕಡೆಯ ಧ್ವನಿಯನ್ನು ಮಾತ್ರ ಕೇಳಿಸಿ, ನಮ್ಮ ತಾಳವನ್ನು ಮುಚ್ಚಿಸಿ ಪಾಠ ಮುಂದುವರಿಸಿದರು. ಉಡುಪಿ ಮತ್ತು ಬೆಂಗಳೂರಿನ ನಡುವೆಯಾದರೆ ಒಳ್ಳೆಯ ಸಂಪರ್ಕದಲ್ಲಿ ಆಗಬಹುದೇನೋ.

ಊರಿನ ಆಟವನ್ನು ಇಲ್ಲಿಂದ ನೋಡುವ ಆಸೆ ನನಗಿಲ್ಲವೆಂದಲ್ಲ. ಯೂಟ್ಯೂಬಿನಲ್ಲಿ ನೋಡುತ್ತೇನೆ. ಅದರಲ್ಲಿ ಸಿಗದಿರುವುದು ವೇಷವಲ್ಲ, ಪಕ್ಕದಲ್ಲಿ ಕಂಬಳಿ ಹೊದ್ದು ತೂಕಡಿಸುವ ಅಜ್ಜ.

ಚೆಂಡೆಯವ (ಉತ್ತರ)

ಮೇಲಿನ ಇಬ್ಬರೂ ಬಹಳ ತಿಳಿದವರು. ನಾನು ಮೇಳದಲ್ಲಿ ಹನ್ನೆರಡು ತಿರುಗಾಟ (ಆಟದ ಋತು) ಮಾಡಿದವನು, ಆ ಕಡೆಯಿಂದ ಒಂದೆರಡು ಮಾತು.

ದೇವೀಮಹಾತ್ಮೆಯಲ್ಲಿ ಬರುವ ಮಹಿಷಾಸುರನ ಪ್ರವೇಶವನ್ನು ಪ್ರಶ್ನೆ ಕೇಳಿದವರು ಹೆಸರಿಸದೆ ಬಿಟ್ಟಿದ್ದಾರೆ, ನನ್ನ ಮಟ್ಟಿಗೆ ಇಡೀ ವಿಷಯ ಅಲ್ಲಿಯೇ ಇದೆ. ಮಹಿಷ ರಂಗಸ್ಥಳದ ಹಿಂದಿನಿಂದ ಬರುವುದಿಲ್ಲ. ಪ್ರೇಕ್ಷಕರ ಬೆನ್ನ ಹಿಂದಿನಿಂದ, ಗದ್ದೆಯ ಆ ತುದಿಯ ಕತ್ತಲಿನಿಂದ, ದೊಂದಿಗಳ ನಡುವೆ ಆರ್ಭಟೆ ಕೊಡುತ್ತಾ, ಜನರನ್ನು ಸೀಳಿಕೊಂಡು ಬರುತ್ತಾನೆ. ನಾವು ಹಿಮ್ಮೇಳದವರು ಮಾತ್ರ ಅವನನ್ನು ಮೊದಲಿನಿಂದ ಎದುರಿಗೆ ಕಾಣುವವರು. ಜನರ ತಲೆಗಳೆಲ್ಲ ಒಮ್ಮೆಲೆ ಹಿಂದಕ್ಕೆ ಹೊರಳುವುದನ್ನು ನಾನು ಚೆಂಡೆಯ ಮೇಲಿನಿಂದ ನೋಡಿದ್ದೇನೆ. ರಾಳದ ಹುಡಿ ಎರಚಿದಾಗ ಬೆಂಕಿ ಭುಗಿಲೆದ್ದು ಸುತ್ತಲಿನ ಐವತ್ತು ಮುಖಗಳು ಒಂದು ಕ್ಷಣ ಕೆಂಪಾಗಿ ಕಂಡು ಮತ್ತೆ ಕತ್ತಲಾಗುತ್ತವೆ. ಮಕ್ಕಳು ಅಮ್ಮನ ಸೆರಗಿನೊಳಗೆ ಹೋಗುತ್ತಾರೆ. ಟಿ.ವಿ.ಯ ಕ್ಯಾಮೆರಾ ಇದನ್ನು ಎಷ್ಟು ಸಲ ಹಿಡಿದರೂ ಅದು ಎದುರಿನಿಂದ ನಡೆದು ಬರುವ ಒಂದು ವೇಷವಾಗುತ್ತದೆ, ಅಷ್ಟೆ. ಬೆನ್ನು ಇಲ್ಲದ ಪ್ರೇಕ್ಷಕನಿಗೆ ಮಹಿಷ ಇಲ್ಲ. ಸುತ್ತುನೋಟದ ಕ್ಯಾಮೆರಾ ಜನರ ನಡುವೆ ಇದ್ದರೆ ನೋಡುಗನಿಗೆ ಒಂದು ಬೆನ್ನು ಸಿಗುತ್ತದೆ. ಇದೊಂದು ಕಾರಣಕ್ಕೆ ನಾನು ನಿಮ್ಮ ಹಿರಿಯರ ಪಕ್ಷ ಬಿಟ್ಟು ಕಿರಿಯರ ಪಕ್ಷಕ್ಕೆ ಬರುತ್ತೇನೆ.

ಆದರೆ ಆ ಸಂಸ್ಥೆಯವರು ಅದನ್ನೇ ರಂಗಸ್ಥಳದ ನಡುವೆ ಇಟ್ಟಿದ್ದರಲ್ಲ! ಅಲ್ಲಿ ಇಟ್ಟರೆ ಧೀಂಗಿಣದ ರಭಸಕ್ಕೆ ಕ್ಯಾಮೆರಾವೂ ಉಳಿಯುವುದಿಲ್ಲ, ಕಾಲೂ ಉಳಿಯುವುದಿಲ್ಲ. ಅಭ್ಯಾಸದ ದಿನ ವೇಷಧಾರಿ ಅದನ್ನು ತಪ್ಪಿಸಿ ತಪ್ಪಿಸಿ ಕುಣಿದಿರಬೇಕು. ಕಲಾವಿದನನ್ನು ಯಂತ್ರಕ್ಕೆ ದಾರಿ ಬಿಡುವಂತೆ ಮಾಡಿದ ದಾಖಲೆ ದಾಖಲೆಯಲ್ಲ.

ಡಿಜಿಟಲ್ ವೇಷದ ಬಗ್ಗೆ ನನಗೆ ಅಷ್ಟು ಒಳ್ಳೆಯ ಮಾತಿಲ್ಲ. ಒಮ್ಮೆ ಹಾಗೆ ಸೆನ್ಸರ್ ಕಟ್ಟಿದ ಕಡೆ ನಾನು ಚೆಂಡೆಗೆ ಹೋಗಿದ್ದೆ, ಯಾರು ಎಲ್ಲಿ ಎನ್ನುವುದು ಬೇಡ. ಮೈಗೆ ಅಂಟಿಸುವ ಹೊಳೆಯುವ ಗುಂಡುಗಳು ವೇಷದ ಕೆಳಗೆ ಮುಚ್ಚಿಹೋಗುತ್ತವೆಂದು ಕಿರೀಟವಿಲ್ಲ, ಭುಜಕೀರ್ತಿಯಿಲ್ಲ, ಗೆಜ್ಜೆಯೂ ಇಲ್ಲ; ಬಿಗಿಯಾದ ಕಪ್ಪು ಉಡುಪಿನಲ್ಲಿ ಕುಣಿಯಿರಿ ಎಂದರು. ವೇಷಧಾರಿ ಕುಣಿದರು. ಆದರೆ ಅದು ಹಗುರಾದ ಮನುಷ್ಯನ ಕುಣಿತ. ಕಿರೀಟ ಹೊತ್ತ ಕುತ್ತಿಗೆ ತಿರುಗುವ ರೀತಿಯೇ ಬೇರೆ, ಅಷ್ಟು ಭಾರ ಹೊತ್ತು ಹಾರುವವನು ನೆಲಕ್ಕೆ ಬರುವ ರೀತಿಯೇ ಬೇರೆ. ಆಮೇಲೆ ಕಂಪ್ಯೂಟರಿನಲ್ಲಿ ಆ ಹಗುರ ಮೈಗೆ ಕಿರೀಟ ತೊಡಿಸಿದಾಗ ಕಾಗದದ ಕಿರೀಟದಂತೆ ಕಂಡಿತು. ವೇಷದ ಒಳಗೆಯೇ ಕಟ್ಟಬಹುದಾದ ಸಣ್ಣ ಸೆನ್ಸರುಗಳಿವೆ, ಕ್ಯಾಮೆರಾ ಬೇಡದವು, ಎಂದು ಆಮೇಲೆ ಕೇಳಿ ತಿಳಿದೆ. ಮಕ್ಕಳಿಗೆ ಹೆಜ್ಜೆ ಕಲಿಸಲು, ಧೀಂಗಿಣದಲ್ಲಿ ಯಾವ ಕಾಲು ಮೊದಲು ಎಂಬುದನ್ನು ನಿಧಾನಮಾಡಿ ತೋರಿಸಲು ಅಂಥದು ಪ್ರಯೋಜನಕ್ಕೆ ಬರಬಹುದು. ಆದರೆ ಆ ಡಿಜಿಟಲ್ ವೇಷ ಅರ್ಥ ಹೇಳಲು ಹೊರಟರೆ ನಾನು ಕೇಳುವುದಿಲ್ಲ. ಒಂದೇ ಪದ್ಯಕ್ಕೆ ನಿನ್ನೆ ಹೇಳಿದ ಅರ್ಥವನ್ನು ಇವತ್ತು ಹೇಳದವನನ್ನು ನಾವು ಅರ್ಥಧಾರಿ ಎನ್ನುತ್ತೇವೆ.

ಹೊಸಪೇಟೆಯ ಓದುಗ (ಉತ್ತರ)

ಹೊರದೇಶದ ಉದಾಹರಣೆಗಳೇ ಬಂದವು, ಆದ್ದರಿಂದ ನಮ್ಮ ಪಕ್ಕದ್ದನ್ನು ಸೇರಿಸುತ್ತೇನೆ. ಸಾರಾ ಕೆಂಡರ್‌ಡೈನ್ ಮತ್ತು ಜೆಫ್ರಿ ಶಾ 2006ರಲ್ಲಿ ‘ಪ್ಲೇಸ್ ಹಂಪಿ’ ಎಂಬ ಕೃತಿಯನ್ನು ನಿರ್ಮಿಸಿ ಮೊದಲು ಫ್ರಾನ್ಸಿನ ಲಿಲ್ ನಗರದಲ್ಲಿ ಪ್ರದರ್ಶಿಸಿದರು. ಹೆಡ್‌ಸೆಟ್ ಇಲ್ಲ, ತಲೆಗೆ ಭಾರವಿಲ್ಲ. ದುಂಡಗಿನ ದೊಡ್ಡ ಪರದೆಯ ನಡುವೆ ತಿರುಗುವ ವೇದಿಕೆಯ ಮೇಲೆ ನಿಂತು, ಅದನ್ನು ತಿರುಗಿಸುತ್ತಾ ಹಂಪಿಯ ಒಂದೊಂದು ತಾಣವನ್ನು ಮೂರು ಆಯಾಮದಲ್ಲಿ ನೋಡುವುದು. ಸಂಗೀತ ಪಿಟೀಲು ವಿದ್ವಾಂಸ ಎಲ್. ಸುಬ್ರಹ್ಮಣ್ಯಂ ಅವರದು. ನಮ್ಮಲ್ಲಿ ತೋರಣಗಲ್ಲಿನ ಕಲಾಧಾಮದಲ್ಲಿ ಅದನ್ನು ನೆಲೆಗೊಳಿಸಿದ್ದಾರೆ. ಅಲ್ಲಿ ನಾನು ಕಂಡ ವಿಶೇಷವೆಂದರೆ, ವೇದಿಕೆಯನ್ನು ತಿರುಗಿಸುವವರು ಒಬ್ಬರು, ನೋಡುವವರು ಹಲವರು. ನಮ್ಮ ಜೊತೆಗಿದ್ದ ಅಜ್ಜಿಯೊಬ್ಬರು ವಿಠಲ ದೇವಾಲಯ ಬಂದಾಗ ತಿರುಗಿಸುವ ಹುಡುಗನಿಗೆ ನಿಲ್ಲಪ್ಪ ಎಂದರು, ಅವನು ನಿಲ್ಲಿಸಿದ. ಹೆಡ್‌ಸೆಟ್ಟಿನಲ್ಲಿ ಒಬ್ಬೊಬ್ಬರಾಗಿ ಮುಳುಗುವುದಕ್ಕಿಂತ ಹತ್ತು ಜನ ಕೂಡಿ ನೋಡುವ ಇಂಥ ವಿಧಾನವೇ ಆಟದಂಥ ಕಲೆಗೆ ಹತ್ತಿರವೆಂದು ನನಗೆ ತೋರುತ್ತದೆ. ಖರ್ಚಿನ ಮಾತು ಬೇರೆ.

ಹವ್ಯಾಸಿ ಸಂಘದವ (ಮರುಪ್ರಶ್ನೆ)

ಎಲ್ಲರಿಗೂ ಕೃತಜ್ಞತೆಗಳು. ಚೆಂಡೆಯವರ ಮಾತನ್ನು ನಿನ್ನೆ ಸಂಘದ ಸಭೆಯಲ್ಲಿ ಓದಿ ಹೇಳಿದೆ. ನಮ್ಮ ಹಿರಿಯ ಬಣ್ಣದ ವೇಷಧಾರಿಯವರು, ಹಾಗಾದರೆ ಕ್ಯಾಮೆರಾ ನನ್ನ ದಾರಿಗೆ ಅಡ್ಡ ಬರಬಾರದು ಎಂದಷ್ಟೇ ಹೇಳಿ ಒಪ್ಪಿಗೆ ಸೂಚಿಸಿದರು. ಎರಡು ಸಂಶಯ ಉಳಿದಿವೆ. ಕ್ಯಾಮೆರಾ ಜನರ ನಡುವೆ ಸರಿಯಾಗಿ ಎಲ್ಲಿರಬೇಕು? ಒಪ್ಪಿಗೆ ಪತ್ರದಲ್ಲಿ ‘ಶಾಶ್ವತವಾಗಿ, ಜಗತ್ತಿನಾದ್ಯಂತ, ಎಲ್ಲ ಮಾಧ್ಯಮಗಳಲ್ಲಿ’ ಎಂದು ಬರೆದಿದ್ದಾರೆ, ಅದು ವಾಡಿಕೆಯೇ? ಇನ್ನು, ಬಣ್ಣ ಹಚ್ಚಿ ವೇಷ ಕಟ್ಟುವ ಚೌಕಿಯ ಒಳಗೂ ಚಿತ್ರಿಸಬಹುದೇ ಎಂದು ಅವರು ಕೇಳಿದ್ದಾರೆ.

ಹಡ್ಸನ್ ದಡದಿಂದ (ಉತ್ತರ)

ಒಪ್ಪಿಗೆ ಪತ್ರದ ಬಗ್ಗೆ ವಕೀಲರಾದ ನನ್ನ ತಂಗಿಯನ್ನು ಕೇಳಿ ಬರೆಯುತ್ತಿದ್ದೇನೆ. ಭಾರತದ 1957ರ ಹಕ್ಕುಸ್ವಾಮ್ಯ ಕಾಯ್ದೆಯ 38ನೆಯ ಕಲಮು ಪ್ರದರ್ಶಕನಿಗೆ ಅವನ ಪ್ರದರ್ಶನದ ಮೇಲೆ 50 ವರ್ಷಗಳ ಹಕ್ಕನ್ನು ಕೊಡುತ್ತದೆ. ಪ್ರದರ್ಶಕರ ವ್ಯಾಖ್ಯೆಯಲ್ಲಿ ನಟ, ಗಾಯಕ, ವಾದ್ಯಗಾರ, ನರ್ತಕರ ಜೊತೆಗೆ ಹಾವಾಡಿಗನೂ ಇದ್ದಾನೆ, ಉಪನ್ಯಾಸ ಕೊಡುವವನೂ ಇದ್ದಾನೆ; ಆದ್ದರಿಂದ ನಿಮ್ಮ ಭಾಗವತರೂ ಅರ್ಥಧಾರಿಗಳೂ ನಿಸ್ಸಂಶಯವಾಗಿ ಬರುತ್ತಾರೆ. 2012ರ ತಿದ್ದುಪಡಿಯಲ್ಲಿ ಸೇರಿದ 38ಬಿ ಪ್ರಕಾರ, ಹಕ್ಕನ್ನು ಬರೆದುಕೊಟ್ಟ ಮೇಲೂ ಪ್ರದರ್ಶಕ ಎಂದು ತನ್ನ ಹೆಸರನ್ನು ಕಾಣಿಸಬೇಕೆಂದು ಕೇಳುವ, ಮತ್ತು ತನ್ನ ಕೀರ್ತಿಗೆ ಕುಂದು ಬರುವಂತೆ ಪ್ರದರ್ಶನವನ್ನು ವಿರೂಪಗೊಳಿಸಿದರೆ ತಡೆಯುವ ಹಕ್ಕು ಕಲಾವಿದನಲ್ಲಿಯೇ ಉಳಿಯುತ್ತದೆ. ಹಕ್ಕು ವರ್ಗಾವಣೆಯ ಪತ್ರದಲ್ಲಿ ಅವಧಿ ಬರೆಯದಿದ್ದರೆ ಕಾಯ್ದೆ ಅದನ್ನು 5 ವರ್ಷವೆಂದೂ, ಪ್ರದೇಶ ಬರೆಯದಿದ್ದರೆ ಭಾರತವೆಂದೂ ತಿಳಿಯುತ್ತದೆ. ಅವರು ಶಾಶ್ವತ, ಜಗತ್ತು ಎಂದು ಅಷ್ಟು ಶ್ರದ್ಧೆಯಿಂದ ಬರೆದಿರುವುದು ಅದಕ್ಕಾಗಿಯೇ. ವಾಡಿಕೆ ಹೌದು, ಒಪ್ಪಲೇಬೇಕೆಂದಿಲ್ಲ. ವೀಡಿಯೊಗೆ ಒಂದು ಪತ್ರ, ಚಲನೆಯ ದತ್ತಾಂಶಕ್ಕೆ ಸಂಪೂರ್ಣ ಬೇರೆಯ ಇನ್ನೊಂದು ಪತ್ರ ಮಾಡಿಸಿಕೊಳ್ಳಿ. ಎರಡನೆಯದರಲ್ಲಿ ಆ ದತ್ತಾಂಶದಿಂದ ಬೇರೆ ಪಾತ್ರ, ಜಾಹೀರಾತು, ಕೃತಕ ಬುದ್ಧಿಮತ್ತೆಯ ತರಬೇತಿ ಇವುಗಳಿಗೆ ಪ್ರತಿ ಸಲ ಹೊಸ ಒಪ್ಪಿಗೆ ಬೇಕೆಂದು ಬರೆಸಿ. ಸಹಿ ಸಂಘದ ಕಾರ್ಯದರ್ಶಿಯದಲ್ಲ, ಪ್ರತಿ ಕಲಾವಿದನದು. ಪದ್ಯಗಳು ಈಗಿನ ಕವಿಯೊಬ್ಬರದಾಗಿದ್ದರೆ ಅವರ ಒಪ್ಪಿಗೆಯೂ ಬೇಕಾಗುತ್ತದೆ.

ಚೆಂಡೆಯವ (ಉತ್ತರ)

ಚೌಕಿಯಲ್ಲಿ ಗಣಪತಿ ಪೂಜೆ ಆಗುವ ತನಕ ಬೇಡ. ಆಮೇಲೆ ಬಣ್ಣಕ್ಕೆ ಕುಳಿತವರ ಪಕ್ಕದಲ್ಲಿ, ಅವರು ಒಪ್ಪಿದರೆ, ಇಡಬಹುದು. ನಿಜ ಹೇಳಬೇಕೆಂದರೆ ಚಿಟ್ಟಿ ಇಡುವುದನ್ನು ಹತ್ತಿರದಿಂದ ನೋಡುವ ಭಾಗ್ಯ ಪ್ರೇಕ್ಷಕರಿಗೆ ಸಿಗುವುದೇ ಇಲ್ಲ. ಕನ್ನಡಿಯ ಎದುರು ದೀಪ, ಅಕ್ಕಿಹಿಟ್ಟು ಮತ್ತು ಸುಣ್ಣ ಕಲಸಿದ ಬಟ್ಟಲು, ಕಡ್ಡಿಯ ತುದಿಯಿಂದ ಒಂದೊಂದೇ ಮುಳ್ಳು, ಒಂದು ಒಣಗಿದ ಮೇಲೆ ಅದರ ಮೇಲೆ ಇನ್ನೊಂದು. ಧ್ವನಿಮುದ್ರಕರ ಮೂರು ಮಿಲಿಮೀಟರ್ ಲೆಕ್ಕಕ್ಕೆ ಉತ್ತರ ರಂಗಸ್ಥಳದಲ್ಲಿ ಸಿಗುವುದಿಲ್ಲ, ಇಲ್ಲಿ ಸಿಗುತ್ತದೆ.

ಧ್ವನಿಮುದ್ರಕ (ಉತ್ತರ)

ಚೆಂಡೆಯವರು ಹೇಳಿದ್ದು ಸರಿ. ಚೌಕಿಗೆ ಸುತ್ತುನೋಟದ ಕ್ಯಾಮೆರಾ ಬೇಡ. ಎದುರಿನ 180 ಡಿಗ್ರಿಯನ್ನು ಮಾತ್ರ ಎರಡು ಕಣ್ಣಿಗೆ ಎರಡು ಮಸೂರದಿಂದ ಹಿಡಿಯುವ ಕ್ಯಾಮೆರಾ ಸಾಕು. ಒಂದು ಮೀಟರ್ ದೂರದಲ್ಲಿ ಇಟ್ಟರೆ ಬಿಂದುವಿಗೆ ಒಂದು ಮಿಲಿಮೀಟರಿಗಿಂತ ಕಡಿಮೆ ಬರುತ್ತದೆ, ಮುಳ್ಳುಗಳ ಉಬ್ಬೂ ಕಾಣುತ್ತದೆ. ಸುತ್ತುನೋಟದ ಕ್ಯಾಮೆರಾದಲ್ಲಿ ಅಷ್ಟು ಹತ್ತಿರದ ಮುಖ ಎರಡು ಮಸೂರಗಳ ಚಿತ್ರ ಕೂಡುವ ಗೆರೆಯ ಮೇಲೆ ಬಂದರೆ ಮೂಗು ಎರಡಾಗುವ ಅಪಾಯವಿದೆ.

ಗದ್ದೆಯಲ್ಲಿ ಚಾಪೆಯ ಮೇಲೆ ಕುಳಿತವರ ಮೂರನೆಯ ಅಥವಾ ನಾಲ್ಕನೆಯ ಸಾಲಿನಲ್ಲಿ, ಮಹಿಷನ ದಾರಿಯಿಂದ ಎರಡು ಮೀಟರ್ ಬದಿಗೆ ಇಡಿ. ಎತ್ತರ ಮುಖ್ಯ: ಚಾಪೆಯ ಮೇಲೆ ಕುಳಿತವನ ಕಣ್ಣು ನೆಲದಿಂದ ಸುಮಾರು 75 ಸೆಂಟಿಮೀಟರ್ ಇರುತ್ತದೆ, ಕ್ಯಾಮೆರಾವೂ ಅಷ್ಟೇ ಇರಲಿ. ಅವರು ಒಂದೂವರೆ ಮೀಟರಿಗೆ ಏರಿಸಲು ನೋಡುತ್ತಾರೆ, ಎದುರಿನ ತಲೆಗಳು ಅಡ್ಡ ಬರುತ್ತವೆಂದು. ಬರಲಿ. ಒಮ್ಮೆ ಇಟ್ಟ ಮೇಲೆ ಬೆಳಗಿನವರೆಗೆ ಅದನ್ನು ಕದಲಿಸಬಾರದು, ಕದಲಿದರೆ ನೋಡುವವನಿಗೆ ತಲೆ ಸುತ್ತುತ್ತದೆ. ಬೆಳಕಿನ ಪ್ರಮಾಣವನ್ನು ಕೈಯಿಂದಲೇ ನಿಗದಿಮಾಡಿ ಬಿಗಿಯಬೇಕು. ಯಂತ್ರಕ್ಕೆ ಬಿಟ್ಟರೆ ರಾಳ ಭುಗಿಲೆದ್ದ ಕ್ಷಣ ಅದು ಹೆದರಿ ಇಡೀ ಗದ್ದೆಯನ್ನು ಕಪ್ಪಾಗಿಸುತ್ತದೆ, ಆ ಐವತ್ತು ಕೆಂಪು ಮುಖಗಳು ಸಿಗುವುದಿಲ್ಲ. ಸುತ್ತುಮೈಕು ಕ್ಯಾಮೆರಾದ ನೇರ ಕೆಳಗೆ. ಮತ್ತೆ, ಪಕ್ಕದ ಚಾಪೆಯಲ್ಲಿ ಯಾರಾದರೂ ಅಜ್ಜನನ್ನು ಕೂರಿಸಿ, ಕಂಬಳಿ ಸಮೇತ.